ಗಾಳಿಚಕ್ರಕ್ಕೊಂದು ಚರ್ಮದ ವಾಷರ್

ಗಾಳಿ ಬಂತು. ನಿನ್ನೆಯವರೆಗೆ ಎಲೆಯೊಂದೂ ಅಲುಗದಿದ್ದ ನಾರ್ತ್ ಕ್ರೀಕಿನ ಬೀದಿಯಲ್ಲಿ ಅಕ್ಟೋಬರಿನ ಆ ಶನಿವಾರ ಬೆಳಿಗ್ಗೆ ಮೇಪಲ್ ಎಲೆಗಳು ಕಾರುಗಳ ನೆತ್ತಿಯ ಮೇಲೆ ಓಡಾಡತೊಡಗಿದವು. ಶೀತಲ್ ಗ್ಯಾರೇಜಿನ ಬಾಗಿಲನ್ನು ಪೂರ್ತಿ ಮೇಲೆತ್ತಿದಳು. ಹೊರಗೆ ಡ್ರೈವ್‌ವೇಯಲ್ಲಿ, ಹನ್ನೆರಡಡಿ ಎತ್ತರದ ಮರದ ಕಟ್ಟಿನ ಮೇಲೆ ಅವಳ ಗಾಳಿಯಂತ್ರ ನಿಂತಿತ್ತು. ಬೀದಿಯ ಎರಡೂ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೂವತ್ತೆಂಟರ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಎರಡು ಸಲ ಎಗರಿದಳು.

ಹದಿನಾಲ್ಕು ತಿಂಗಳ ಕೆಲಸ. ನೂರು ವರ್ಷದ ಹಿಂದೆ ಬೆಟ್ಟಸಾಲಿನ ಆಚೆಯ ಗೋಧಿ ಸೀಮೆಯಲ್ಲಿ ದನಗಳಿಗೆ ನೀರೆತ್ತುತ್ತಿದ್ದ ಯಂತ್ರವದು. ಬಾಡಿಗೆ ಟ್ರೇಲರಿಗೆ ಬಿಗಿದು ತಂದಾಗ ಹದಿನೆಂಟು ರೆಕ್ಕೆಗಳಲ್ಲಿ ಏಳು ಇರಲೇ ಇಲ್ಲ. ಬಾಲದ ತಗಡಿನ ತುಂಬ ಯಾರೋ ಗುರಿ ಕಲಿಯಲು ಹೊಡೆದ ಗುಂಡಿನ ತೂತುಗಳು. ಗೇರಿನ ಪೆಟ್ಟಿಗೆಯೊಳಗೆ ಹಕ್ಕಿಗೂಡು. ಕೆಂಟ್ ಊರಿನಲ್ಲಿ ವಿಮಾನದ ಬಿಡಿಭಾಗ ಕೊರೆಯುವ ಕಾರ್ಖಾನೆಯಲ್ಲಿ ವಾರವೆಲ್ಲ ದುಡಿದು, ಶನಿವಾರ ಭಾನುವಾರ ಅವಳು ಇದರ ಮುಂದೆ ಕೂತಳು. ತುಕ್ಕನ್ನು ವಿನೆಗರಿನಲ್ಲಿ ನೆನೆಸಿ ಬಿಡಿಸಿದಳು. ರೆಕ್ಕೆಗಳನ್ನು ಮರದ ಅಚ್ಚಿನ ಮೇಲೆ ಬಡಿದು ಬಾಗಿಸಿದಳು. ಬೇರಿಂಗಿಗೆ ಬಿಳಿ ಲೋಹ ಕರಗಿಸಿ ಹೊಯ್ದ ದಿನ ಕೈ ಸುಟ್ಟುಕೊಂಡು, ಸುಟ್ಟ ಕೈಯಲ್ಲೇ ಫೋಟೋ ತೆಗೆದು ಗ್ರೂಪಿಗೆ ಹಾಕಿದಳು.

ಗ್ರೂಪ್ ಎಂದರೆ ತೋಟದ ವಾಟ್ಸಾಪ್ ಗ್ರೂಪ್. ಊರಾಚೆ ಮೂವತ್ತು ಕನ್ನಡದ ಮನೆಗಳು ಸೇರಿ ಬಾಡಿಗೆಗೆ ಹಿಡಿದ ಕಾಯಿಪಲ್ಲೆ ತೋಟವೊಂದಿದೆ. ಅದರಲ್ಲೊಂದು ಹಳೇ ಬಾವಿ. ಯಂತ್ರವನ್ನು ಆ ಬಾವಿಯ ಮೇಲೆ ನಿಲ್ಲಿಸಬೇಕು, ಬೆಂಡೆಗೂ ಮೆಂತ್ಯಕ್ಕೂ ಅದೇ ನೀರೆತ್ತಬೇಕು ಎಂಬುದು ಅವಳ ಹಟ. ಕಮಿಟಿಯ ಮಾತೂ ಖಡಾಖಂಡಿತವಾಗಿತ್ತು: ಇವತ್ತು ಕಣ್ಣೆದುರು ನೀರೆತ್ತಿ ತೋರಿಸಿದರೆ ಬಾವಿಯ ಮೇಲೆ, ಇಲ್ಲದಿದ್ದರೆ ಗೇಟಿನ ಪಕ್ಕ, ಸುತ್ತ ಸೀರಿಯಲ್ ಸೆಟ್ ಲೈಟು ಹಾಕಿ, ಬಂದವರು ಫೋಟೋ ತೆಗೆಸಿಕೊಳ್ಳಲು. ದುಡಿಯುವ ಯಂತ್ರವನ್ನು ಗೊಂಬೆ ಮಾಡಿ ನಿಲ್ಲಿಸುವುದು ಶೀತಲ್‌ಗೆ ಸುತರಾಂ ಒಪ್ಪಿಗೆಯಿರಲಿಲ್ಲ.

ಹನ್ನೊಂದಕ್ಕೆ ಜನ ಬಂದರು. ಆಯುಧಪೂಜೆ ಬುಧವಾರವೇ ಕಳೆದಿತ್ತು, ಆದರೆ ಈ ಊರಿನಲ್ಲಿ ಹಬ್ಬಗಳೆಲ್ಲ ಬರುವುದು ಶನಿವಾರ. ಕಾರಿನಿಂದ ಮೊದಲು ಇಳಿದವಳು ಭಾನುಮತಿ, ಮೈಸೂರಿನವಳು, ಬೆಲ್ವ್ಯೂನಲ್ಲಿ ಸಾಫ್ಟ್‌ವೇರ್ ಕೆಲಸ. ಯಂತ್ರದ ಬಾಲಕ್ಕೆ ಕೆಂಪು ಬಣ್ಣ ಹೊಡೆದವಳು ಅವಳೇ. ಒಂದು ಕೈಯಲ್ಲಿ ತಾಮ್ರದ ಕಲಶ, ಕಂಕುಳಲ್ಲಿ ಹ್ಯಾಲೋವೀನಿಗೆಂದು ಅಂಗಡಿ ಮುಂದೆ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿ. ಹಿಂದೆ ಅವಳ ಗಂಡ ತ್ರಿವಿಕ್ರಮ, ತೋಟದ ಕಮಿಟಿಯ ಕಾರ್ಯದರ್ಶಿ. ಮೂರು ಮನೆ ಆಚೆಯಿಂದ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ನೀಲಕಂಠಪ್ಪನವರೂ ಬಂದರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಧಾರವಾಡದ ಹಿರಿಯರು, ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ದಿನಾ ವಾಕಿಂಗಿಗೆ ಹೊರಟವರು ಈ ಗ್ಯಾರೇಜಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳುತ್ತಿದ್ದರು. ಮೊದಲನೆಯದು, "ಎಲ್ಲಿಗೆ ಬಂತ್ರೀ ಕೆಲಸ?" ಎರಡನೆಯದು, "ಅಥಣಿ ಅಂದ್ರಲ್ಲ, ಅಥಣ್ಯಾಗ ಯಾವ ಓಣಿ?"

"ಬಸ್ ಸ್ಟ್ಯಾಂಡ್ ಹತ್ರ ರೀ," ಎನ್ನುತ್ತಿದ್ದಳು ಶೀತಲ್, ಪ್ರತಿ ಸಲವೂ.

ಅವಳು ಹುಟ್ಟಿದ್ದು ಸಮಗಾರರ ಓಣಿಯಲ್ಲಿ. ಅಪ್ಪ ಚಪ್ಪಲಿಗೆ ಅಟ್ಟೆ ಕೊಯ್ಯುತ್ತಿದ್ದ. ಅವ್ವ ದ್ಯಾಮವ್ವ ಕೂದಲೆಳೆಯಷ್ಟು ತೆಳುವಾದ ಚರ್ಮದ ಪಟ್ಟಿಗಳಿಂದ ಚಪ್ಪಲಿಯ ಜಡೆ ಹೆಣೆಯುತ್ತಿದ್ದಳು. ಅದೇ ಚಪ್ಪಲಿಗಳನ್ನು ಇಲ್ಲಿಯ ಜನ ರಾಜ್ಯೋತ್ಸವಕ್ಕೆ ಜರತಾರಿ ಪಂಚೆಯ ಕೆಳಗೆ ಮೆಟ್ಟಿ ಮೆರೆಯುತ್ತಾರೆ. ಹೆಣೆದವರ ಮನೆಯ ಮಗಳು ಪಕ್ಕದಲ್ಲೇ ಕೂತು ಬಿಸಿಬೇಳೆಭಾತ್ ತಿನ್ನುತ್ತಿದ್ದಾಳೆಂದು ಈ ದೇಶಕ್ಕೆ ಬಂದ ಹನ್ನೊಂದು ವರ್ಷಗಳಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಅವಳು ಗೊತ್ತಾಗಗೊಡಲಿಲ್ಲ.

ಏಪ್ರಿಲಿನಲ್ಲಿ ಪಂಪಿನ ಸಾಮಾನಿನ ಪಟ್ಟಿ ಗ್ರೂಪಿಗೆ ಹಾಕಿದ್ದಳು. ಅದರಲ್ಲಿ ಒಂದು ಸಾಲು: ಬಟ್ಟಲಿನಾಕಾರದ ಚರ್ಮದ ವಾಷರ್. ಹಿತ್ತಾಳೆಯ ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುತ್ತ, ಗೋಡೆಯನ್ನು ತಬ್ಬಿ ನೀರನ್ನು ಮೇಲಕ್ಕೆ ಹೊರುವುದೇ ಅದು. ಕೂಡಲೇ ಭಾನುಮತಿಯ ಉತ್ತರ: "ಲೆದರ್ ಬೇಡ ಕಣೇ, ಗಂಗೆ ಪೂಜೆಗೆ ಅದೇ ನೀರು ತಾನೇ?" ತ್ರಿವಿಕ್ರಮ: "ನೈಲಾನ್ ಬೆಟರ್. ಲೈಫ್ ಜಾಸ್ತಿ. ಆರ್ಡರ್ ಮಾಡ್ದೆ." ಶೀತಲ್ ನಾಲ್ಕು ಸಾಲು ಬರೆದಳು, ಅಳಿಸಿದಳು, ಕೊನೆಗೆ ಹೆಬ್ಬೆರಳಿನ ಚಿತ್ರ ಒತ್ತಿದಳು. ಆ ಹೆಬ್ಬೆರಳನ್ನು ಆರು ತಿಂಗಳಿಂದ ಅವಳು ಮರೆತಿರಲಿಲ್ಲ.

ಈಗ ಅದನ್ನೆಲ್ಲ ನೆನೆಯಲು ಪುರಸೊತ್ತಿಲ್ಲ. ಕುಂಬಳಕಾಯಿ ಒಡೆಯಿತು. ಶೀತಲ್ ಬ್ರೇಕಿನ ಹಿಡಿ ಬಿಟ್ಟಳು. ಕೆಂಪು ಬಾಲ ಗಾಳಿಗೆ ತಿರುಗಿ ಚಕ್ರವನ್ನು ಗಾಳಿಯ ಮುಖಕ್ಕೆ ತಂದು ನಿಲ್ಲಿಸಿತು. ಒಂದು ರೆಕ್ಕೆ ಅಲುಗಿತು, ಇನ್ನೊಂದು, ನೋಡನೋಡುತ್ತ ಹದಿನೆಂಟೂ ಒಂದೇ ಬೆಳ್ಳಿಯ ತಟ್ಟೆಯಾಗಿ ತಿರುಗತೊಡಗಿದವು!

"ತಿರುಗ್ತು, ತಿರುಗ್ತು, ತಿರುಗ್ತು!" ತ್ರಿವಿಕ್ರಮ ಮೊಬೈಲ್ ಹಿಡಿದು ಕುಣಿದ. ನೆರೆದ ಇಪ್ಪತ್ತು ಜನ ಚಪ್ಪಾಳೆ ತಟ್ಟಿದರು. ಗೇರು ಗೊಣಗಲಿಲ್ಲ, ಬೇರಿಂಗ್ ಕಿರುಗುಡಲಿಲ್ಲ. ಉದ್ದನೆಯ ಸರಳು ನೀರು ತುಂಬಿಟ್ಟಿದ್ದ ನೀಲಿ ಡ್ರಮ್ಮಿನಲ್ಲಿ ಮುಳುಗಿದ್ದ ಸಿಲಿಂಡರಿನೊಳಗೆ ಏರಿತು, ಇಳಿಯಿತು, ಏರಿತು. ಭಾನುಮತಿ ಕೊಳವೆಯ ಬಾಯಿಗೆ ಕಲಶ ಹಿಡಿದಳು.

ಹತ್ತು ಸಲ. ಐವತ್ತು ಸಲ. ಕೊಳವೆ ಒಳಗೊಳಗೇ ಗುಳುಗುಳು ಎಂದಿತು, ಎರಡು ಹನಿ ಉಗುಳಿತು, ಸುಮ್ಮನಾಯಿತು.

ಶೀತಲ್ ಬ್ರೇಕ್ ಹಾಕಿ, ಸಿಲಿಂಡರ್ ಎತ್ತಿ ಬಿಚ್ಚಿದಳು. ನೋಡುತ್ತಿದ್ದಂತೆಯೇ ತಿಳಿಯಿತು. ನೂರು ವರ್ಷ ಆಡಿದ ಹಿತ್ತಾಳೆ ನಡುವಿನಲ್ಲಿ ಸವೆದು ಹೊಟ್ಟೆ ಬಿಟ್ಟಿತ್ತು. ಅದು ಹಿಗ್ಗಿದಲ್ಲಿ ವಾಷರೂ ಹಿಗ್ಗಬೇಕು, ಕುಗ್ಗಿದಲ್ಲಿ ಕುಗ್ಗಬೇಕು. ನೈಲಾನಿಗೆ ಆ ಗುಣವಿಲ್ಲ. ಕಾಗದ ತೂರುವಷ್ಟು ಸಂದು. ಅಷ್ಟರಲ್ಲೇ ನೀರೆಲ್ಲ ಕೆಳಗಿಳಿಯುತ್ತಿತ್ತು.

ನೀಲಕಂಠಪ್ಪನವರು ಮೂಗು ತೂರಿಸಿ ನೋಡಿದರು. "ಇದೇನ್ರೀ ಪ್ಲಾಸ್ಟಿಕ್ ಹಾಕೀರಿ? ಯಾವ ಶಾಣ್ಯಾನ ಕೆಲಸ ಇದು?"

ಶಾಣ್ಯಾ ತ್ರಿವಿಕ್ರಮ ಮೊಬೈಲ್ ನೋಡತೊಡಗಿದ.

"ಚರ್ಮದ್ದ ಆಗಬೇಕು. ನಮ್ಮ ಸರ್ವೀಸಿನ್ಯಾಗ ಎಷ್ಟ್ ಪಂಪ್ ನೋಡೇನಿ. ಆದ್ರ ಇಲ್ಲಿ ಯಾರ ಮಾಡಿ ಕೊಡ್ತಾರ? ನಿಮ್ಮ ಅಥಣ್ಯಾಗ ಇದ್ರ ಆ ಓಣ್ಯಾಗಿಂದ ಒಬ್ಬನ್ನ ಕರಿಸಿದ್ರ ಆಗತಿತ್ತು. ಹೊರಗ ಕುಂತು, ತಾಸಿನ್ಯಾಗ ಕೊಯ್ದು, ಕಟ್ಟಿ ಮ್ಯಾಲಿಟ್ಟು ಹೋಗಿಬಿಡ್ತಿದ್ದ."

"ಇರ್ಲಿ ಬಿಡಿ," ಎಂದ ತ್ರಿವಿಕ್ರಮ. "ಗೇಟ್ ಹತ್ರ ನಿಲ್ಲಿಸೋಣ. ಚೆನ್ನಾಗೇ ಕಾಣುತ್ತೆ. ಗ್ರೂಪಿಗೆ ಹಾಕ್ಲಾ ಶೀತಲ್?"

ಹೊರಗ ಕುಂತು. ಕಟ್ಟಿ ಮ್ಯಾಲಿಟ್ಟು. ಶೀತಲ್ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟಳು.

"ಹಾಕಬೇಡಿ," ಎಂದಳು. ಆಮೇಲೆ ಹಿರಿಯರ ಕಡೆ ತಿರುಗಿ, "ಯಾವ ಓಣಿ ಅಂತ ಕೇಳ್ತಿದ್ರಲ್ಲ ಕಾಕಾ? ನಾ ಆ ಓಣ್ಯಾಕೀನ ರೀ. ಸಮಗಾರರಾಕಿ. ಕರಿಸೂದು ಬ್ಯಾಡ, ಇಲ್ಲೇ ಅದೀನಿ. ಹೊರಗ ಕುಂಡ್ರಂಗಿಲ್ಲ. ಈ ಗ್ಯಾರೇಜು ನಂದು."

ಆಮೇಲೆ ಇದ್ದಕ್ಕಿದ್ದಂತೆ ಎಲ್ಲರಿಗೂ ಕೆಲಸಗಳು ನೆನಪಾದವು. ಒಬ್ಬರಿಗೆ ಮಗಳ ಸಾಕರ್, ಇನ್ನೊಬ್ಬರಿಗೆ ಕಾಸ್ಟ್‌ಕೋ ಅಂಗಡಿ, ಮತ್ತೊಬ್ಬರಿಗೆ ಒಲೆಯ ಮೇಲಿಟ್ಟ ಸಾರು. ಹತ್ತು ನಿಮಿಷದಲ್ಲಿ ಡ್ರೈವ್‌ವೇ ಖಾಲಿಯಾಗಿ, ಶೀತಲ್ ಬಿಟ್ಟರೆ ಮೂವರು ಉಳಿದರು: ಭಾನುಮತಿ, ತ್ರಿವಿಕ್ರಮ, ನೀಲಕಂಠಪ್ಪನವರು.

ತ್ರಿವಿಕ್ರಮ ಗಂಟಲು ಸರಿಮಾಡಿಕೊಂಡ. "ನೋಡಿ ಶೀತಲ್, ನಾವು ಅದೆಲ್ಲ ನೋಡೋರೇ ಅಲ್ಲ. ಅದೆಲ್ಲ ಈಗ ಎಲ್ಲಿದೆ ಹೇಳಿ?"

"ಇಲ್ಲಿದೆ," ಎಂದು ಶೀತಲ್ ಆ ನೈಲಾನ್ ವಾಷರನ್ನು ಅವನ ಅಂಗೈಯಲ್ಲಿಟ್ಟಳು.

ಶೀತಲ್‌ಗೆ ಹೆದರಿಕೆಯಾಗಬೇಕಿತ್ತು, ಆದರೆ ಬೆಂಚಿನ ಕೆಳಗಿನ ಖಾನೆ ಎಳೆದಾಗ ತನ್ನ ಬಾಯಿ ನಗುತ್ತಿರುವುದು ಅವಳಿಗೇ ತಿಳಿಯಿತು. ಹೆಬ್ಬೆರಳು ಒತ್ತಿದ ವಾರವೇ ಕೊಂಡಿಟ್ಟ ಚರ್ಮದ ತುಂಡು ಅಲ್ಲಿತ್ತು. ಲೇತಿನ ಮೇಲೆ ಕಡೆದ ಮರದ ಅಚ್ಚಿತ್ತು. ಊರಿನಿಂದ ಸೀರೆಯೊಳಗೆ ಸುತ್ತಿ ತಂದ ರಂಪಿಗೆ ಇತ್ತು, ಅಪ್ಪನ ಕೈಯ ಬೆವರು ಕುಡಿದು ಕಪ್ಪಾದ ಹಿಡಿಯ, ಚರ್ಮ ಕೊಯ್ಯುವ ಅರ್ಧಚಂದ್ರದ ಕತ್ತಿ. ಚರ್ಮವನ್ನು ಬಿಸಿನೀರಿನಲ್ಲಿ ಮುಳುಗಿಸಿದಳು. ಗುಳ್ಳೆ ಏಳುವುದು ನಿಂತ ಮೇಲೆ ಹಲಗೆಯ ಮೇಲೆ ಹಾಸಿ ರಂಪಿಗೆ ಒತ್ತಿದಳು. ಕತ್ತಿ ತಾನಾಗಿ ತಿರುಗಿತು. ಅಳತೆ ಬೇಕಾಗಲಿಲ್ಲ. ಹನ್ನೊಂದು ವರ್ಷ ವಿಮಾನದ ಭಾಗಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆದ ಕೈ ಇವತ್ತು ಅಳೆಯದೆ ಕೊಯ್ದು ದುಂಡಗೆ ತೆಗೆಯಿತು.

"ನನಗ್ಯಾಕೆ ಹೇಳ್ಲಿಲ್ವೇ?" ಭಾನುಮತಿ ಕೇಳಿದಳು.

"ಹೇಳಿದ್ರೆ ನಿನ್ನ ಅಡುಗೆಮನೆ ಒಳಗೆ ಕರೀತಿದ್ಯಾ?"

"ಗೊತ್ತಿಲ್ಲ ಕಣೇ."

"ಸದ್ಯ, ಸುಳ್ಳು ಹೇಳ್ಲಿಲ್ಲ. ಹಿಡಿ ಇದನ್ನ. ಎರಡು ಬೆರಳಲ್ಲಲ್ಲ, ಎರಡೂ ಕೈಯಲ್ಲಿ."

ಒದ್ದೆ ಚರ್ಮದ ಮುಂದೆ ಭಾನುಮತಿಯ ಕೈಗಳು ಗಾಳಿಯಲ್ಲೇ ನಿಂತವು. ಶೀತಲ್ ಕಾದಳು, ಸಹಾಯ ಮಾಡಲಿಲ್ಲ. ಕೈಗಳು ಇಳಿದವು, ಹಿಡಿದವು. ಅಚ್ಚಿನ ಕುಣಿಯೊಳಗೆ ಚರ್ಮ ಕೂರಿಸಿ, ಮೇಲೆ ಒತ್ತುವ ಮರದ ಗುಂಡು ಇಟ್ಟು, ಬೆಂಚಿನ ಕಬ್ಬಿಣದ ಇಕ್ಕಳವಾದ ವೈಸಿನಲ್ಲಿ ಸಿಕ್ಕಿಸಿ ಬಿಗಿಯತೊಡಗಿದರು.

ದೂರದಲ್ಲಿ ನಿಂತಿದ್ದ ನೀಲಕಂಠಪ್ಪನವರಿಗೆ ತಡೆಯಲಾಗಲಿಲ್ಲ. "ಏ, ಅಡ್ಡ ಹೊಂಟೈತಿ! ಎಡಕ್ಕ ಎತ್ತು!"

"ಬಂದು ನೀವ ಎತ್ರಿ," ಎಂದಳು ಶೀತಲ್.

ಎಂಜಿನಿಯರ್ ಸಾಹೇಬರು ಅಂಗಿಯ ತೋಳು ಮಡಚಿ ಬಂದೇಬಿಟ್ಟರು. ವೈಸಿನ ಹಿಡಿಗೆ ಅವರೂ ಶೀತಲ್‌ಳೂ ಜೋತುಬಿದ್ದರು. ನೀರು ಹಿಂಡಿ ಬಂದು ಅವರ ಬಿಳಿ ಶೂ ಮೇಲೆ ಸುರಿಯಿತು.

ಎರಡು ತಾಸು ಅಚ್ಚಿನಲ್ಲಿ ಬಿಟ್ಟಳು. ಅಷ್ಟರಲ್ಲಿ ಗಾಳಿ ಕುಸಿಯಿತು, ಕೆಂಪು ಬಾಲ ತೂಕಡಿಸಿತು. "ಸಂಜೆಗೆ ಪೂರ್ತಿ ನಿಲ್ಲುತ್ತೆ ಅಂತ ಆ್ಯಪ್ ಹೇಳ್ತಿದೆ," ಎಂದ ತ್ರಿವಿಕ್ರಮ. ಯಾರೂ ಅವನ ಕಡೆ ನೋಡಲಿಲ್ಲ. ಮೂರೂಕಾಲಕ್ಕೆ ಶೀತಲ್ ಅಚ್ಚು ತೆರೆದಳು. ಕಂದು ಬಣ್ಣದ ಪುಟ್ಟ ಬಟ್ಟಲು, ಅಂಚು ಬಿರಿದಿಲ್ಲ, ಸುಕ್ಕಿಲ್ಲ. ಒಣಗಿಸುವುದೂ ಬೇಕಿರಲಿಲ್ಲ, ಬಾಳುವುದು ನೀರಿನಲ್ಲೇ. ಕೊಬ್ಬು ಸವರಿ ಸಿಲಿಂಡರಿಗೆ ಇಳಿಸಿದಳು. ಒತ್ತಿದರೆ ಹೋಯಿತು, ಎಳೆದರೆ ಹಿಡಿಯಿತು. ಆ ಹಿಡಿತ ಬೆರಳಿಗೆ ತಾಗಿದ್ದೇ ಅವಳು ಕೂಗಿಬಿಟ್ಟಳು.

"ಕೂಡ್ತು! ಬ್ರೇಕ್ ಬಿಡೇ ಭಾನು!"

ಸಿಲಿಂಡರ್ ಮತ್ತೆ ಡ್ರಮ್ಮಿಗಿಳಿಯಿತು, ಬ್ರೇಕ್ ಬಿಟ್ಟಿತು, ಆದರೆ ಗಾಳಿ ಬೇಕಲ್ಲ! ನಾಲ್ವರೂ ಕತ್ತೆತ್ತಿ ಫರ್ ಮರಗಳ ತುದಿ ನೋಡುತ್ತ ನಿಂತರು. ತುದಿಗಳು ಬಾಗಿದವು. ಹಾದಿಯುದ್ದಕ್ಕೂ ಎಲೆಗಳನ್ನು ತಳ್ಳಿಕೊಂಡು ಗಾಳಿ ನುಗ್ಗಿತು. ಚಕ್ರ ಮೈ ಮುರಿದು ತಿರುಗಿತು. ಸರಳು ಏರಿತು, ಇಳಿಯಿತು. ಕೊಳವೆ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಮಣಿಕಟ್ಟು ಗಾತ್ರದ ನೀರು ದಬ್ ಎಂದು ಹಾರಿ ಕಲಶವನ್ನು ಭಾನುಮತಿಯ ಕೈಯಿಂದ ಕಿತ್ತುಕೊಂಡು ಹೋಯಿತು!

ಶೀತಲ್ ನೀರಿಗೆ ತಲೆ ಕೊಟ್ಟಳು. ಕೂಗುತ್ತಿದ್ದಳೋ ನಗುತ್ತಿದ್ದಳೋ. ಬಕೆಟ್ ಇಟ್ಟು, ತುಂಬಲು ಹಿಡಿದ ಸಮಯ ಗಟ್ಟಿಯಾಗಿ ಎಣಿಸಿದಳು. ಭಾನುಮತಿ ನೆನೆದ ಸೀರೆಯಲ್ಲೇ ಬೊಗಸೆಯೊಡ್ಡಿ ಕುಡಿದಳು, ಕೆಮ್ಮಿದಳು, ಮತ್ತೆ ಕುಡಿದಳು.

ತ್ರಿವಿಕ್ರಮ ಮೊಬೈಲಿನಲ್ಲಿ ಕಮಿಟಿಗೆ ಬರೆಯುತ್ತಿದ್ದ. ಶೀತಲ್ ಒದ್ದೆ ಕೂದಲು ಹಿಂಡುತ್ತ ಅವನ ಹೆಗಲ ಮೇಲಿಂದ ಓದಿದಳು: ಸಾಂಪ್ರದಾಯಿಕ ವಸ್ತು ಬಳಸಿ ದುರಸ್ತಿ, ನೀರು ಬಂದಿದೆ.

"ಆ ವಸ್ತುವಿಗೆ ಹೆಸರಿಲ್ವಾ?"

"ಅಲ್ಲ, ಸುಮ್ನೆ ಯಾಕೆ ಇಶ್ಯೂ…"

"ಚರ್ಮ ಅಂತ ಬರೀರಿ. ಶೀತಲ್ ಕೊಯ್ದಳು ಅಂತ ಬರೀರಿ. ಯಾವ ಓಣಿ ಶೀತಲ್ ಅಂತಾನೂ ಬರೀರಿ. ಓದಿದ ಮೇಲೂ ಬಾವಿ ಮೇಲೇ ನಿಲ್ಲಿಸ್ತಾರಾ ಅಂತ ನೋಡೋಣ."

ಅವನು ಹೆಂಡತಿಯ ಮುಖ ನೋಡಿದ. "ಬರೀರಿ ಅಂದ್ಳಲ್ಲ," ಎಂದಳು ಭಾನುಮತಿ, ಸೆರಗು ಹಿಂಡುತ್ತ. ಅವನು ಅಳಿಸಿದ, ಬರೆದ, ಕಳಿಸಿದ. ಆಮೇಲೆ ಒಬ್ಬರು ಬರೆದರು: "ನೀರು ಬಂತಲ್ವಾ? ಮಾತಿನ ಪ್ರಕಾರ ಬಾವಿ ಮೇಲೇ." ಇನ್ನಿಬ್ಬರು ಹೂಂ ಎಂದರು. ಒಬ್ಬರು ಗ್ರೂಪ್ ಬಿಟ್ಟರು.

"ಹೋಗ್ಲಿ ಬಿಡು, ಅವ್ರ ಪಾತಿ ಬೆಂಡೆನೂ ನಾವೇ ಕುಯ್ಕೊಳ್ಳೋಣ," ಎಂದಳು ಭಾನುಮತಿ.

ನೀಲಕಂಠಪ್ಪನವರು ಮಾತ್ರ ನೀರಿಗೆ ಕೈಯೊಡ್ಡಿರಲಿಲ್ಲ. ಯಂತ್ರದ ಸುತ್ತ ಎರಡು ಸುತ್ತು ಬಂದು, ಸರಳನ್ನು ಕಣ್ಣಳತೆಯಲ್ಲೇ ತೂಗಿ, ಕೊನೆಗೆ ಹೇಳಿದರು: "ಮಗಳ, ಈ ಚರ್ಮ ಭಾಳ ಅಂದ್ರ ವರ್ಷ ಬಾಳತೈತಿ. ಮತ್ತ ಸವೀತೈತಿ. ಮುಂದ ಯಾರ ಕೊಯ್ಯಾವ್ರು?"

"ತ್ವಾಟದವ್ರು ಕೊಯ್ಯಲಿ. ಮೂವತ್ತು ಮನಿ ಅದಾವಲ್ಲ. ಕಲಿಸಾಕ ನಾ ಅದೀನಿ, ಶನಿವಾರ ಶನಿವಾರ, ಈ ಬೆಂಚಿನ ಮ್ಯಾಲ. ನೀವೂ ಬರ್ರಿ."

"ನಾ ಮುಂದಿನ ತಿಂಗಳ ಊರಿಗೆ ಹೊಂಟೆ ನೋಡವಾ."

ಶೀತಲ್ ರಂಪಿಗೆಯನ್ನು ಒರೆಸಿ, ಹಿಡಿಯನ್ನು ಅವರ ಕಡೆ ಮಾಡಿ ಚಾಚಿದಳು.

"ನಾಕು ಶನಿವಾರ ಅದಾವು ಕಾಕಾ. ಸಾಕು."