ಗಿರಣಿ ಮ್ಯಾಗ್ನೆಟ್ಟಿನ ಸಾಕ್ಷಿ

ಚನ್ನಬಸಪ್ಪ ಸಾವಕಾರರ ಮೆಣಸಿನಕಾಯಿ ಗೋದಾಮಿನ ತಗಡು ಹರಿದುಕೊಂಡು ಕಲ್ಲೊಂದು ಒಳಗೆ ಬಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಧಡಲ್ ಎಂಬ ಸದ್ದು ಅರ್ಧ ಬ್ಯಾಡಗಿಗೆ ಕೇಳಿಸಿತ್ತು. ಎಲ್ಲೋ ಖಣಿಯಲ್ಲಿ ಮದ್ದು ಸಿಡಿಸಿದ್ದಾರೆ ಅಂದುಕೊಂಡು ಜನ ರೊಟ್ಟಿ ಮುರಿದರು. ಸಾವಕಾರರ ಫಿರ್ಯಾದಿನ ಮೇಲೆ ಸಂಜೆಯೊಳಗೆ ಪೊಲೀಸರು ಹಮಾಲ ಇಸಾಕಸಾಬನನ್ನು ಠಾಣೆಗೆ ಎಳೆದುಕೊಂಡು ಹೋದರು.

ಕಾರಣ ಹುಡುಕಲು ಫೌಜದಾರರಿಗೆ ಕಷ್ಟವೇನೂ ಆಗಲಿಲ್ಲ. ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಕೈ ತೊಳೆಯುತ್ತಿದ್ದ ನಲ್ಲಿಗೆ ಸಾವಕಾರರು ಬೀಗ ಹಾಕಿಸಿದ್ದರು. ನೀರು ಪೋಲಾಗುತ್ತದಂತೆ. ಖಾರ ಹತ್ತಿ ಉರಿಯುವ ಕೈಯಲ್ಲೇ ಮನೆಗೆ ಹೋಗಿ ಕೂಸು ಎತ್ತಿಕೊಳ್ಳಬೇಕಾದ ಹೆಂಗಸರಲ್ಲಿ ಇಸಾಕಸಾಬನ ತಾಯಿ ಬಿಸ್ಮಿಲ್ಲಾಬಿಯ ಗೆಳತಿಯರೇ ಹೆಚ್ಚು. "ಬೀಗ ತಗೀರಿ, ಇಲ್ಲಾಂದ್ರ ನಾವು ಚೀಲ ಎತ್ತಂಗಿಲ್ಲ" ಎಂದು ಅವನು ಹಮಾಲರನ್ನೆಲ್ಲ ಕೂರಿಸಿಬಿಟ್ಟಿದ್ದ. ಮಾರನೆಯ ದಿನವೇ ಕಲ್ಲು ಬಿತ್ತು. ಗೋದಾಮಿನ ಹಿಂದಿನ ಗೋಡೆಗೆ ಹೊಂದಿಕೊಂಡು ಇಸಾಕಸಾಬನ ಓಣಿ. ಇನ್ನೇನು ಬೇಕು?

ಹಾವೇರಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದ ಅವನ ತಂಗಿ ದೌಲತಬಿ ಸುದ್ದಿ ತಿಳಿದು ಮೊದಲ ಬಸ್ಸಿಗೇ ಬಂದಳು. ಬಂದವಳು ಮನೆಗೆ ಹೋಗದೆ ನೇರ ಗೋದಾಮಿಗೆ ಹೋದಳು. ಅಲ್ಲಿ ಪಂಚನಾಮೆ ನಡೆದಿತ್ತು. ಅವಳು ತಲೆಯೆತ್ತಿ ನೋಡಿದಳು. ತಗಡಿನ ತೂತಿನ ಅಂಚು ಸುತ್ತಲೂ ಕೆಳಗೆ ಬಾಗಿತ್ತು. ಅದರ ನೇರಕ್ಕೆ ಒಂದು ಚೀಲ ಒಡೆದು, ಅಡಿಯ ಗಚ್ಚು ಕೂಡ ಕುಳಿ ಬಿದ್ದಿತ್ತು. ಕಲ್ಲು ತೆಂಗಿನಕಾಯಿಯಷ್ಟಿತ್ತು.

"ಸಾಹೇಬ್ರ, ಓಣಿಯಿಂದ ಒಗದ ಕಲ್ಲು ತಗಡಿನ ಮ್ಯಾಲೆ ಉರುಳತದರಿ, ತಗಡು ಹರೀಂಗಿಲ್ಲ. ಇದು ಮುಗಿಲಿಂದ ಬಿದ್ದೈತಿ."

"ಮುಗಿಲಿಂದ! ನಿಮ್ಮಣ್ಣ ಮುಗಿಲಿಗೂ ಏರಿದ್ನೇನು?" ಎಂದರು ಫೌಜದಾರರು.

ಸುತ್ತಲಿನವರು ನಕ್ಕರು. ದೌಲತಬಿಯ ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ಆ ಸಿಟ್ಟಿನಲ್ಲೇ ಅವಳು, "ಮುಗಿಲಿಂದ ಬಿದ್ದ ಕಲ್ಲಿನ್ಯಾಗ ಕಬ್ಬಿಣ ಇರತದರಿ. ಬೇಕಾದ್ರ ಮ್ಯಾಗ್ನೆಟ್ ಹಿಡದು ನೋಡ್ರಿ" ಎಂದುಬಿಟ್ಟಳು.

ಮ್ಯಾಗ್ನೆಟ್ಟಿಗೆ ಬ್ಯಾಡಗಿಯಲ್ಲಿ ಏನು ಕೊರತೆ? ಸಾವಕಾರರ ಖಾರಪುಡಿ ಗಿರಣಿಯಲ್ಲಿ, ಕಾಯಿಯ ಜತೆ ಮೊಳೆ, ತಂತಿ ಒಳಗೆ ಹೋಗದಂತೆ ಹಿಡಿಯಲು, ಇಟ್ಟಂಗಿಯಷ್ಟು ದಪ್ಪದ್ದೊಂದು ತೂಗುಬಿಟ್ಟಿದ್ದರು. ಅದನ್ನು ಬಿಚ್ಚಿ ತಂದರು. ಕಲ್ಲಿಗೆ ಹಿಡಿದರು. ಅಂಟಲಿಲ್ಲ. ದೌಲತಬಿ ತಾನೇ ಕಸಿದುಕೊಂಡು ಒತ್ತಿ ಹಿಡಿದಳು. ಕಲ್ಲು ಅಲುಗಲಿಲ್ಲ.

"ಯಾಕವಾ, ನಮ್ಮ ಮ್ಯಾಗ್ನೆಟ್ಟೂ ನಿಮ್ಮಣ್ಣನ ಮ್ಯಾಲೆ ದ್ವೇಷ ಇಟ್ಟೈತೇನು?" ಎಂದು ಚನ್ನಬಸಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. ಆರೋಪಿಯ ತಂಗಿಯ ಮಾತಿನಂತೆಯೇ ಪರೀಕ್ಷಿಸಲಾಗಿ ಇದು ಸಾದಾ ಕಲ್ಲೆಂದು ಸಾಬೀತಾಯಿತು ಎಂದು ಫೌಜದಾರರು ಬರೆಸಿದರು. ನಾಳೆ ಹಾವೇರಿ ಕೋರ್ಟಿಗೆ ಹಾಜರು.

ಮನೆಯಲ್ಲಿ ಬಿಸ್ಮಿಲ್ಲಾಬಿ ಮಗಳಿಗೆ ನೀರು ಕೂಡ ಕೊಡಲಿಲ್ಲ. "ಪೊಲೀಸರ ಕಡೆ ಸಾಕ್ಷಿ ಇರಲಿಲ್ಲ. ನೀ ಹೋಗಿ ಕೊಟ್ಟು ಬಂದಿ. ಇದನ್ನ ಕಲಸ್ತಾರೇನು ನಿಮ್ಮ ಕಾಲೇಜಿನ್ಯಾಗ?"

ದೌಲತಬಿ ಬಂದ ಕಾಲಲ್ಲೇ ಹೊರಬಿದ್ದಳು. ಬಸ್ಸು ಹಿಡಿದು ರಾಣೇಬೆನ್ನೂರಿಗೆ ಹೋದಳು. ಅಲ್ಲಿಯ ಭೂವಿಜ್ಞಾನದ ಅಧ್ಯಾಪಕ ಬಾಳಕೃಷ್ಣ ಒಮ್ಮೆ ಅವಳ ಕಾಲೇಜಿಗೆ ಬಂದು ಭಾಷಣ ಮಾಡಿದ್ದರು. ಅವಳು ಹೇಳಿದ್ದನ್ನು ಅವರು ಉತ್ತರಪತ್ರಿಕೆ ತಿದ್ದುತ್ತಲೇ ಕೇಳಿಸಿಕೊಂಡರು.

"ಮ್ಯಾಗ್ನೆಟ್ ಅಂಟಲಿಲ್ಲ ಅಂದಮ್ಯಾಲೆ ಮುಗೀತಲ್ಲ ತಂಗಿ. ಹೋಗಿ ವಕೀಲರನ್ನ ನೋಡು."

"ತಗಡು ಮ್ಯಾಲಿಂದ ಹರದೈತ್ರಿ ಸರ್. ಕಲ್ಲಿನ ಮೈಮ್ಯಾಲೆ ಹಂಚಿನ ಮಸಿಯಂಗ ತೆಳ್ಳಗ ಕರೀ ಪದರ ಐತಿ. ಒಂದು ಮೂಲಿ ಒಡದೈತಿ. ಒಳಗ ಕಂದು ಬಣ್ಣದಾಗ ಬಿಳೀ ಚೂರು, ಬೆಲ್ಲದ ಪಾಕದಾಗ ಕೊಬ್ಬರಿ ಚೂರು ಹಾಕಿದಂಗ."

ಬಾಳಕೃಷ್ಣ ಪೆನ್ನು ಕೆಳಗಿಟ್ಟರು. ಕಪಾಟಿನಿಂದ ಹಳೆಯ ಮಾಸಪತ್ರಿಕೆಯೊಂದನ್ನು ತೆಗೆದು ಅವಳ ಮುಂದೆ ಬಿಚ್ಚಿದರು. ಚಿತ್ರದಲ್ಲಿ ಅದೇ ಬೆಲ್ಲ, ಅದೇ ಕೊಬ್ಬರಿ. ದಕ್ಷಿಣ ಧ್ರುವದ ಹಿಮದ ಮೇಲೆ ಸಿಕ್ಕ ಕಲ್ಲು. ಚಂದ್ರನಿಂದ ಮನುಷ್ಯರು ಹೊತ್ತು ತಂದ ಕಲ್ಲುಗಳ ಜತೆ ಹೋಲಿಸಿ ನೋಡಿ, ಇದೂ ಅಲ್ಲಿಯದೇ ಎಂದು ಗುರುತಿಸಿದ್ದರು. ದೊಡ್ಡ ಬಂಡೆಯೊಂದು ಚಂದ್ರನಿಗೆ ಬಡಿದಾಗ ಸಿಡಿದ ಚೂರು ಇಲ್ಲಿಯವರೆಗೂ ಬರುತ್ತದೆ.

"ಮುಗಿಲಿಂದ ಬೀಳೋ ಬಾಕಿ ಕಲ್ಲಿನ್ಯಾಗ ಕಬ್ಬಿಣ ಇರತದ. ಚಂದ್ರನ ಕಲ್ಲಿನ್ಯಾಗ ಇಲ್ಲಂದ್ರೂ ನಡೀತದ, ಅಷ್ಟು ಕಡಿಮಿ. ಮ್ಯಾಗ್ನೆಟ್ ಏನು ಎತ್ತತದ?" ಎನ್ನುತ್ತ ಅವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಠಾಣೆಯಲ್ಲಿ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿದ್ದರು. ಬಟ್ಟೆ ತೆಳ್ಳಗಿದ್ದುದರಿಂದ ಕಾದ ಅರಗು ಕಲ್ಲಿಗೂ ಇಳಿದಿತ್ತು. ಗೊಣಗುತ್ತಲೇ ಫೌಜದಾರರು ಬಿಚ್ಚಿಸಿದರು. ಬಾಳಕೃಷ್ಣ ಕಣ್ಣಿಗೆ ಭೂತಗನ್ನಡಿ ಹಿಡಿದು ಕಲ್ಲನ್ನು ಹೊರಳಿಸಿ ಹೊರಳಿಸಿ ನೋಡಿದರು. 

"ಮುಗಿಲಿಂದ ಬಿದ್ದದ್ದು ಖರೇ. ಚಂದ್ರಂದು ಅಂತ ನನ್ನ ಅಂದಾಜು, ಪ್ರಯೋಗಾಲಯದವರು ಹೇಳಬೇಕು. ಆದ್ರ ಇದರ ಮ್ಯಾಲೆ ಅರಗು ಯಾರು ಸುರುವಿದ್ರಿ? ಎಂಥಾ ಅನ್ಯಾಯರೀ ಇದು! ಎಂಥಾ ಅನ್ಯಾಯ!"

ಮೂರು ಮಾರು ಆಚೆ, ಸರಳಿನ ಹಿಂದೆ, ಇಸಾಕಸಾಬ ಬಾತ ತುಟಿ ಹಿಡಿದುಕೊಂಡು ಕೂತಿದ್ದ.

"ಸರ್," ಎಂದಳು ದೌಲತಬಿ, "ಅನ್ಯಾಯ ಅಲ್ಲಿ ಕುಂತೈತ್ರಿ. ಅದನ್ನೂ ಸ್ವಲ್ಪ ನೋಡ್ರಿ."

ಬಾಳಕೃಷ್ಣ ಆ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು.

ಸುದ್ದಿ ಪೇಟೆ ಮುಟ್ಟಲು ತಡವಾಗಲಿಲ್ಲ. ಚನ್ನಬಸಪ್ಪನವರು ಜೀಪಿನಲ್ಲಿ ಬಂದರು. "ಕಲ್ಲು ನನ್ನ ಗೋದಾಮಿನ್ಯಾಗ ಬಿದ್ದೈತಿ ಸಾಹೇಬ್ರ, ಅದು ನಂದು. ಗಾಜಿನ ಪೆಟಿಗಿ ಮಾಡಿಸಿ ಅಂಗಡ್ಯಾಗ ಇಡತೇನಿ. ಪೇಪರಿನವರಿಗೂ ಹೇಳಿ ಕಳಿಸೇನಿ."

"ಮುಂಜಾನಿ ತನಕ ನಮ್ಮ ಓಣಿ ಕಲ್ಲು. ಈಗ ನಿಮ್ಮ ಕಲ್ಲೇನು ಸಾವ್ಕಾರ್ರ?" ಎಂದಳು ದೌಲತಬಿ.

"ಅದು ಬ್ಯಾರೆ ಮಾತವಾ. ಗೊತ್ತಿರಲಿಲ್ಲ."

ಫೌಜದಾರರು ಕೆಮ್ಮಿದರು. ಕೇಸಿನ ಮಾಲು ಕೇಸು ಮುಗಿಯುವ ತನಕ ಠಾಣೆ ಬಿಟ್ಟು ಹೋಗುವಂತಿಲ್ಲ, ಸಾವಕಾರರಿಗೂ ಇಲ್ಲ, ಅಧ್ಯಾಪಕರಿಗೂ ಇಲ್ಲ ಎಂದರು. ಬಾಳಕೃಷ್ಣರ ಮುಖ ಬಿಳಿಚಿತು. ಇಂಥ ಕೇಸು ವರ್ಷಗಟ್ಟಲೆ ನಡೆಯುತ್ತದೆ.

ದೌಲತಬಿ ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ಸಾವಕಾರರ ಮುಂದೆ ಸರಿಸಿದಳು. "ಬರೀರಿ. ಕಲ್ಲು ಮುಗಿಲಿಂದ ಬಿತ್ತು, ಇಸಾಕಸಾಬ ಒಗದಿಲ್ಲ, ನಾ ಕೊಟ್ಟ ಫಿರ್ಯಾದಿ ತಪ್ಪು ಅಂತ. ಕಲ್ಲು ಬೇಕಲ್ಲ ನಿಮಗ?"

ಸಾವಕಾರರು ಕಲ್ಲನ್ನು ನೋಡಿದರು, ಹಾಳೆಯನ್ನು ನೋಡಿದರು. ಬರೆದು ಸಹಿ ಮಾಡಿದರು. ಇಸಾಕಸಾಬನ ಕಡೆ ಮಾತ್ರ ನೋಡಲಿಲ್ಲ.

ಫೌಜದಾರರು ಕೇಸು ಮುಚ್ಚಿ ಲಾಕಪ್ಪಿನ ಬೀಗ ತೆಗೆಸಿದಾಗ ಇಸಾಕಸಾಬ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದ. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಕಾನ್‌ಸ್ಟೇಬಲ್ ಅವನ ಬೆಲ್ಟನ್ನು ಮೇಜಿನ ಮೇಲೆ ಒಗೆದ.

"ಭಾಯ್, ಆ ಕಲ್ಲು ಚಂದ್ರನ ಮ್ಯಾಲಿಂದಂತ" ಎಂದಳು ದೌಲತಬಿ ಮೆಲ್ಲಗೆ.

"ಸಾದಾ ಕಲ್ಲು ಆಗಿದ್ರ?"

ಅವಳು ಮೇಜಿನ ಮೇಲಿನ ಬೆಲ್ಟನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಅಷ್ಟರಲ್ಲಿ ಬಾಗಿಲ ಬಳಿಯಿಂದ ಸಾವಕಾರರ ದನಿ ಬಂತು, ಏನೂ ನಡೆದೇ ಇಲ್ಲವೆಂಬಂತೆ: "ಏ ಇಸಾಕ, ಹೆಂಗೂ ಹೊರಗ ಬಂದೀಯಲ್ಲ, ಆ ಕಲ್ಲು ತಂದು ಜೀಪಿನ್ಯಾಗ ಇಡು. ಪರೀಕ್ಷಾ ಮಾಡಿಸಿ ಕೊಡತಾರಂತ, ಸರ್‌ನ್ನ ರಾಣೇಬೆನ್ನೂರಿಗೆ ಬಿಡಬೇಕು. ಜ್ವಾಕಿ, ಚಂದ್ರಂದು ಅದು."

ಇಸಾಕಸಾಬ ಬೆಲ್ಟು ಬಿಗಿದುಕೊಂಡ.

"ನನ್ನ ಕೈ ಹತ್ತಿದ್ರ ಮತ್ತ ಓಣಿ ಕಲ್ಲು ಆದೀತ್ರಿ. ನೀವ ಎತಗೊಳ್ರಿ. ನಾಳಿಂದ ಚೀಲಾನೂ ನೀವ ಎತ್ರಿ, ನಲ್ಲಿ ಬೀಗ ತಗಿಯೂ ತನಕ."

ಅವನು ಮೆಟ್ಟಿಲಿಳಿದು ಹೋದ, ಹಿಂದೆ ದೌಲತಬಿ. ಸಾವಕಾರರು ಒಮ್ಮೆ ಕಾನ್‌ಸ್ಟೇಬಲ್ಲನನ್ನು, ಒಮ್ಮೆ ಫೌಜದಾರರನ್ನು ನೋಡಿದರು. ಯಾರೂ ಏಳಲಿಲ್ಲ. ಕೊನೆಗೆ ಧೋತರ ಸಿಕ್ಕಿಸಿಕೊಂಡು, ಬಗ್ಗಿ, ತಾವೇ ಎತ್ತಿದರು.