ಕೈಮಾಮನ ಅಜ್ಞಾನಭಂಗ

ವಿದ್ಯೆಯಿಂದ ಹೆಸರಾದವರು ಬೀದಿಗೊಬ್ಬರು ಸಿಗುತ್ತಾರೆ. ಅವಿದ್ಯೆಯ ಬಲದಿಂದಲೇ ಕುರ್ಚಿ ಸಂಪಾದಿಸಿ, ಅದನ್ನು ವರ್ಷಾನುಗಟ್ಟಲೆ ನಿಷ್ಕಳಂಕವಾಗಿ ಕಾಪಾಡಿಕೊಂಡು ಬಂದ ಮಹಾನುಭಾವರು ನಮ್ಮ ಕೈಮಾಮ ಒಬ್ಬರೇ. ಐದು ಗೆರೆಗಳ ಮೇಲೆ ಬೊಟ್ಟಿಟ್ಟು ಸ್ವರ ಬರೆಯುವ ಪಾಶ್ಚಾತ್ಯ ಸಂಗೀತದ ಲಿಖಿತ ಪರೀಕ್ಷೆಗೆ ಕಣ್ಣು ಕಾಣದವರೋ ಕೈ ನಡುಗುವವರೋ ಬಂದರೆ, ಅವರು ಹೇಳಿದ್ದನ್ನು ಬರೆಯಲು ಒಬ್ಬ ಲಿಪಿಕಾರನನ್ನು ಕೊಡುತ್ತಾರೆ. ಆ ಲಿಪಿಕಾರನಿಗೆ ಸಂಗೀತ ಬರಬಾರದು. ಬಂದರೆ ಉತ್ತರ ಯಾರದೆಂದು ಹೇಳುವುದು ಹೇಗೆ? ಈ ಅರ್ಹತೆಯಲ್ಲಿ ಕೈಮಾಮನನ್ನು ಸೋಲಿಸುವ ವೀರ ಭೂಮಂಡಲದಲ್ಲಿ ಹುಟ್ಟಿರಲಿಲ್ಲ. ಅವರ ಪಾಲಿಗೆ ಲಾಲಿಗೂ ರೈಲಿನ ಸಿಳ್ಳಿಗೂ ಇದ್ದ ವ್ಯತ್ಯಾಸ ಇಷ್ಟೇ: ಒಂದು ಮಲಗಿಸುತ್ತದೆ, ಇನ್ನೊಂದು ಎಬ್ಬಿಸುತ್ತದೆ.

ಹೆಸರು ಕೊಟ್ಟವಳು ಒಬ್ಬ ಪುಟ್ಟ ಅಭ್ಯರ್ಥಿ. "ನನ್ನ ಕೈ ಮಾಮ ಬಂದ್ರಾ?" ಎಂದು ಅವಳು ಬಾಗಿಲಲ್ಲಿ ಕೇಳಿದ್ದೇ ನೆಪ, ಹುಟ್ಟುಹೆಸರು ಮೂಲೆ ಸೇರಿತು. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಆಯುಷ್ಯವೆಲ್ಲ ಬಗ್ಗಿ ದುಡಿದದ್ದರಿಂದ ಅವರ ಕತ್ತು ಮುಂದಕ್ಕೇ ನಿಂತುಬಿಟ್ಟಿತ್ತು; ಎಲ್ಲಿಗೆ ಹೋದರೂ ತಲೆ ಮೊದಲು ತಲುಪುತ್ತಿತ್ತು, ದೇಹ ಆಮೇಲೆ ಬಂದು ಹಾಜರಿ ಹಾಕುತ್ತಿತ್ತು. ಬೂದು ಕೋಟಿನ ಜೇಬಿನಲ್ಲಿ ಚೂಪು ಮಾಡಿದ ಪೆನ್ಸಿಲುಗಳು ಯುದ್ಧಕ್ಕೆ ಹೊರಟ ಈಟಿಗಳಂತೆ ನಿಂತಿರುತ್ತಿದ್ದವು. ಮಾತೆಂದರೆ ಒಂದೇ: "ಹೂಂ, ಮುಂದೆ." ಹೆಂಡತಿ ಇನ್ನಿಲ್ಲವೆಂದು ವೈದ್ಯರು ಹೇಳಿದಾಗಲೂ ಬಾಯಿಗೆ ಬಂದದ್ದು ಅದೇ. ಮುಂದೆ ಏನೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರೊಡನೆ ಮಾತಾಡುತ್ತಿದ್ದವರು ಅಭ್ಯರ್ಥಿಗಳಷ್ಟೇ. ಪರೀಕ್ಷಾ ಕೇಂದ್ರದಲ್ಲಿ, ಸ್ವರಪುಸ್ತಕ ನಿಲ್ಲಿಸುವ ಮುರಿದ ಸ್ಟ್ಯಾಂಡುಗಳನ್ನು ಒಟ್ಟಿದ ಹಿಂಬದಿಯ ಕೋಣೆ, ಒಂದು ಮೇಜು, ಎರಡು ಕುರ್ಚಿ. ಉಳಿದವರ ಗಂಟೆ ಹೊಡೆದು ಪಡಸಾಲೆ ಖಾಲಿಯಾದ ಮೇಲೂ ಇಲ್ಲಿ ಹೆಚ್ಚುವರಿ ಸಮಯವಿರುತ್ತಿತ್ತು. ಅದು ಅಭ್ಯರ್ಥಿಗೆಂದು ನಿಯಮ ಹೇಳುತ್ತದೆ. ಕೈಮಾಮನಿಗೂ ಅದರಲ್ಲೊಂದು ಪಾಲಿತ್ತೆಂಬುದು ನಿಯಮ ಬರೆದವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲೊಂದು ಜೀವ ಕೂತು, "ಮೂರನೇ ಗೆರೆ ಮೇಲೆ ಕಪ್ಪು ಬೊಟ್ಟು, ಕಡ್ಡಿ ಕೆಳಕ್ಕೆ" ಎಂದು ತಮಗೇ ಹೇಳುತ್ತಿದೆ! ಪ್ರೇಮಪತ್ರ ಓದಿಸಿಕೊಳ್ಳುವವರೂ ಅಷ್ಟು ತಲ್ಲೀನರಾಗುವುದಿಲ್ಲ.

ಅನಾಹುತ ನಡೆದದ್ದು ಅಲ್ಲಿಯೇ. ಹೇಳುವ ಮುನ್ನ ಅಭ್ಯರ್ಥಿಗಳು ಆ ಸ್ವರವನ್ನು ತಮ್ಮಷ್ಟಕ್ಕೆ ಗುನುಗಿಕೊಳ್ಳುವುದು ರೂಢಿ. ಮೊದಲು ಗುನುಗು, ಆಮೇಲೆ ಬೊಟ್ಟು; ಮತ್ತೆ ಗುನುಗು, ಮತ್ತೆ ಬೊಟ್ಟು. ತೊಟ್ಟಿಲ ಕೂಸು ತಾಯಿನುಡಿ ಕಲಿಯುವುದೂ ಹೀಗೆಯೇ ಅಲ್ಲವೇ? ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಯಾರೋ ಹಾಡುತ್ತಿದ್ದಾರೆನಿಸಿ ಕೈಮಾಮ ನಲ್ಲಿ ನಿಲ್ಲಿಸಿದರು. ಮನೆಯಲ್ಲಿ ಅವರನ್ನು ಬಿಟ್ಟು ಯಾರೂ ಇರಲಿಲ್ಲ. ಇಳಿವಯಸ್ಸಿನಲ್ಲಿ ಅಂಟಿದ ದುಶ್ಚಟವನ್ನು ಮುಚ್ಚಿಡುವಂತೆ ಅವರು ಅದನ್ನು ಮುಚ್ಚಿಟ್ಟರು. ಬಯಲಾದರೆ ಆ ಕೋಣೆ ಕೈತಪ್ಪುತ್ತದೆ. ಕೋಣೆ ತಪ್ಪಿದರೆ ಇರುವುದು ನಲ್ಲಿಯ ಸದ್ದು.

ಆ ವರ್ಷ ಬಂದವಳು ಕುರ್ಚಿಗೆ ಬೆತ್ತ ಹೆಣೆಯುವ ಕುರುಡಿ. ಹಿಂದೊಮ್ಮೆ ನಪಾಸಾದವಳು, ನಾಲಿಗೆ ಅವಳ ಬೆತ್ತಕ್ಕಿಂತ ಚುರುಕು. ಅರ್ಧ ಕೊಟ್ಟ ಧಾಟಿಯನ್ನು ಪೂರ್ಣಗೊಳಿಸುವ ಕೊನೆಯ ಪ್ರಶ್ನೆಯಲ್ಲಿ ಅವಳು ಗುನುಗಿದ್ದು ಒಂದು ಸ್ವರ, ಬಾಯಲ್ಲಿ ಹೇಳಿದ ಗೆರೆ ಇನ್ನೊಂದರದು. ಕೈಮಾಮನ ಪೆನ್ಸಿಲು ಗಕ್ಕನೆ ನಿಂತಿತು.

"ಯಾಕೆ ನಿಂತ್ರಿ?"

"ಮೊನೆ ಮುರೀತು."

"ಮುರಿದಿದ್ರೆ ಟಕ್ ಅಂತಿತ್ತು. ಅನ್ನಲಿಲ್ಲ." ಅವಳು ಮುಖ ಇತ್ತ ತಿರುಗಿಸಿದಳು. "ಮಾಮ, ನಿಮಗೆ ಸಂಗೀತ ಬರುತ್ತೆ!"

ಕಳ್ಳತನದ ಆರೋಪಕ್ಕೂ ಕೈಮಾಮ ಅಷ್ಟು ಬೆವರುತ್ತಿರಲಿಲ್ಲ.

"ಒಂದಕ್ಷರ ಹೇಳ್ಬೇಡಿ," ಎಂದಳು ಅವಳು. "ಈಗ ತಿದ್ದಿದ್ರೆ ಅದು ನಿಮ್ಮ ಪರೀಕ್ಷೆ, ನನ್ನದಲ್ಲ. ನಾನು ಹೇಳಿದ್ದನ್ನೇ ಬರೀರಿ."

ಅವರು ಬರೆದರು. ನಕ್ಷೆಯಲ್ಲಿ ಕೂದಲೆಳೆಯ ತಪ್ಪನ್ನೂ ಸಹಿಸದ ಆ ಕೈ, ತಪ್ಪೆಂದು ಗೊತ್ತಿದ್ದ ಬೊಟ್ಟನ್ನು ದುಂಡಗೆ ತುಂಬಿ, ಕಡ್ಡಿ ಎಳೆಯಿತು. "ಹೂಂ, ಮುಂದೆ" ಎನ್ನಲು ಮಾತ್ರ ಆಗಲಿಲ್ಲ.

ಪರೀಕ್ಷೆ ಮುಗಿದದ್ದೇ ಅವರ ತಲೆ ಮೇಲ್ವಿಚಾರಕಿಯ ಕೋಣೆಗೆ ನುಗ್ಗಿತು.

"ಮೇಡಂ, ಮುಂದಿನ ಸಲ ಬೇರೆಯವರನ್ನ ನೋಡ್ಕೊಳ್ಳಿ. ನನಗೆ ಬಂದ್ಬಿಟ್ಟಿದೆ."

"ಅಯ್ಯೋ, ಏನು ಬಂತ್ರೀ? ಶುಗರ್ರಾ?"

"ಸಂಗೀತ."

ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನಿಮಗಾ? ನೀವೇ ಹೇಳಿದ್ರೂ ಯಾರೂ ನಂಬಲ್ಲ, ಸುಮ್ನೆ ಇದ್ಬಿಡಿ. ಇಷ್ಟು ಚೆಂದ ಬರೆಯೋರನ್ನ ಎಲ್ಲಿಂದ ತರಲಿ?"

"ಅವಳೇನೋ ಬೇಡ ಅಂದಳು. ಎಲ್ಲರೂ ಅನ್ನಲ್ಲ ಮೇಡಂ, ನನ್ನ ಪೆನ್ಸಿಲ್ ನಿಂತಲ್ಲಿ ತಿದ್ಕೋತಾರೆ. ಆಮೇಲೆ ಸ್ವಂತವಾಗಿ ಗೆದ್ದೋರನ್ನೂ ಜನ ಮಾಮನ ಕೈವಾಡ ಅಂತಾರೆ. ಅದು ಬೇಡ."

ಆಕೆಯ ನಗು ನಿಂತಿತು. ಕೂತು ಹೋಗಿ ಎಂದರು, ಕೈಮಾಮ ಕೂರಲಿಲ್ಲ.

ತನ್ನದೆಂಬ ಒಂದು ಗೆರೆಯನ್ನೂ ಎಳೆಯದೆ, ಒಬ್ಬರಿಗೆ ಕಣ್ಣಾಗಿ ಇನ್ನೊಬ್ಬರಿಗೆ ಕೈಯಾಗಿ ಸವೆಯುವ ಒಂದು ಕುಲ ಈ ಲೋಕದಲ್ಲಿದೆ. ಅವರು ಇಲ್ಲದಂತೆ ಇರುವುದೇ ಅವರ ಕೆಲಸದ ಶುದ್ಧಿಯೆಂದು ನಾವು ಮೆಚ್ಚುತ್ತೇವೆ, ಮೆಚ್ಚಿ ಮರೆಯುತ್ತೇವೆ. ಆದರೆ ಪರರ ಮಾತನ್ನು ವರ್ಷಗಟ್ಟಲೆ ಬರೆದುಕೊಟ್ಟ ಜೀವ ಒಂದು ದಿನ ಆ ಭಾಷೆಯನ್ನು ಕಲಿತೇಬಿಡುತ್ತದೆ. ಕಲಿತ ದಿನವೇ ಎದ್ದು ಹೊರಡಬೇಕಾಗುತ್ತದೆ, ಹೊರಗೆ ಆ ಭಾಷೆಯಲ್ಲಿ ಮಾತಾಡಿಸುವವರು ಯಾರೂ ಇರುವುದಿಲ್ಲ.