ಹನ್ನೊಂದನೇ ಮಂಚ

ವಿಜಯ್ ಕುಮಾರ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು, ಸತ್ತ ಅಮ್ಮನ ಫ್ಲೆಕ್ಸ್ ಕಟ್ಟಿದ್ದ ಹಗ್ಗವನ್ನು ಬಿಚ್ಚುತ್ತಿದ್ದ. ದರಿದ್ರ ಗಂಟು, ಬಿಡುತ್ತಲೇ ಇರಲಿಲ್ಲ. ಅಮೃತಹಳ್ಳಿಯ ಆ ಗಲ್ಲಿಯಲ್ಲಿ, ಶಾಮಿಯಾನದ ಕೆಳಗೆ, ಅಂಜಿನಮ್ಮ ಹೂವಿನ ಹಾರಗಳ ನಡುವೆ ಮಲಗಿದ್ದಳು. ಗಲ್ಲಿಯ ತುದಿಯಲ್ಲಿ ತಮಟೆ ಬಡಿಯುತ್ತಿದ್ದರು.

ಅವನು ಬರೆಸಲು ಹೇಳಿದ್ದು ಇಷ್ಟೇ: ನಿವೃತ್ತ ಅಂಗನವಾಡಿ ಕಾರ್ಯಕರ್ತೆ. ಕಳಿಸಿದ ಫೋಟೊ ಮಸುಕಾಗಿತ್ತಂತೆ. ಫ್ಲೆಕ್ಸ್ ಅಂಗಡಿಯವನು ಮೊಬೈಲಿನಲ್ಲಿ ಹೆಸರು ಹುಡುಕಿ, ಅವಳ ಪುಸ್ತಕದ ಹಿಂಬದಿಯಲ್ಲಿದ್ದ ಚಿತ್ರವನ್ನೇ ಎತ್ತಿಕೊಂಡು, ಕೆಳಗೆ ದಪ್ಪಕ್ಷರದಲ್ಲಿ ಹಾಕಿಬಿಟ್ಟಿದ್ದ: 'ಹನ್ನೊಂದನೇ ಮಂಚ: ಮಾನಸಿಕ ಆಸ್ಪತ್ರೆಯಲ್ಲಿ ನನ್ನ ದಿನಗಳು' ಕೃತಿಯ ಲೇಖಕಿ. ಎಂಥ ಅತಿಬುದ್ಧಿ!

"ಇರ್ಲಿ ಬಿಡೋ ಅಣ್ಣ," ಎಂದಳು ತಂಗಿ ಧನುಶ್ರೀ.

"ಬಾಗಲಗುಂಟೆಯಿಂದ ನಿನ್ನ ಅತ್ತೆ ಆಗೋರು ಬರ್ತಿದ್ದಾರೆ ಕಣೇ. ನಿಶ್ಚಿತಾರ್ಥ ಇನ್ನೂ ಆಗಿಲ್ಲ. ಇದನ್ನ ನೋಡಿದ್ರೆ ಸಂಬಂಧ ಮುಗೀತು."

"ಮುಗಿದ್ರೆ ಮುಗೀಲಿ."

* * *

ಆರು ವರ್ಷದ ಹಿಂದೆ, ಪುಸ್ತಕ ಅಚ್ಚಾಗಿ ಬಂದ ದಿನ, ಅವನು ಅಮ್ಮನ ಮೇಲೆ ರೇಗಿದ್ದ. "ನಾಲ್ಕು ತಿಂಗಳು ಅಲ್ಲಿದ್ದೆ ಅಂತ ಊರಿಗೆಲ್ಲ ಡಂಗುರ ಹೊಡೀಬೇಕಿತ್ತಾ?"

ಅಂಜಿನಮ್ಮ ಸೊಪ್ಪು ಬಿಡಿಸುತ್ತ ನಕ್ಕಿದ್ದಳು. "ಊರೋರು ಹೆಂಗೂ ಹೇಳ್ತಾರೆ, ಇಲ್ಲದ್ದೂ ಸೇರ್ಸಿ. ಅದಕ್ಕೇ ನಾನೇ ಸರಿಯಾಗಿ ಬರೆದಿಟ್ಟೆ ಕಣಪ್ಪ. ನೀನೂ ಒಂದ್ಸಲ ಓದು."

"ನಾನಂತೂ ಮುಟ್ಟಲ್ಲ."

ಮುಟ್ಟಲೂ ಇಲ್ಲ, ಮೊಂಡ.

* * *

ಒಂದು ಗಂಟು ಬಿಡುವಷ್ಟರಲ್ಲಿ ಬಾಗಲಗುಂಟೆಯ ಗೌರಮ್ಮ ಆಟೊದಿಂದ ಇಳಿದೇಬಿಟ್ಟರು. ಬೀಗಿತ್ತಿಯಾಗಬೇಕಿದ್ದವಳ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿ, ಕಣ್ಣೊರೆಸಿಕೊಂಡು, ಅರ್ಧ ಜೋತಾಡುತ್ತಿದ್ದ ಫ್ಲೆಕ್ಸಿನ ಮುಂದೆ ಬಂದು ನಿಂತರು.

"ನಂಗೆ ಓದೋಕ್ ಬರಲ್ಲಪ್ಪ. ಏನಂತ ಬರ್ಸಿದ್ದೀಯ?"

ಅಂಗನವಾಡಿ ಅಂದಿದ್ದರೆ ಆಗಿಹೋಗುತ್ತಿತ್ತು. ಧನುಶ್ರೀ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಅಮ್ಮನನ್ನು ಎದುರಿಗಿಟ್ಟುಕೊಂಡು ಆ ಮಾತು ಅವನ ಬಾಯಿಂದ ಹೊರಡಲಿಲ್ಲ.

"ಅಮ್ಮ ಹುಚ್ಚಾಸ್ಪತ್ರೇಲಿ ಇದ್ರು. ಅದರ ಬಗ್ಗೆ ಪುಸ್ತಕ ಬರೆದಿದ್ದಾರೆ ಅಂತ."

ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ವಾಸಿಯಾಗಿ ಬಂದ್ರಾ?"

"ಬಂದ್ರು. ಆಮೇಲೆ ಇಪ್ಪತ್ತು ವರ್ಷ ಅಂಗನವಾಡಿ ನಡೆಸಿದ್ರು. ನಮ್ಮಿಬ್ರನ್ನೂ ಓದಿಸಿದ್ರು."

"ಅಯ್ಯೋ ನಮ್ಮಪ್ಪ! ನನ್ ತಂಗೀನೂ ಅಂಥ ಆಸ್ಪತ್ರೇಲೇ ಇದ್ದಾಳೆ ಕಣೋ, ಎರಡು ತಿಂಗಳಾಯ್ತು. ಹೇಳಿದ್ರೆ ನೀವೇ ಸಂಬಂಧ ಬೇಡ ಅಂತೀರೇನೋ ಅಂತ ನಾವೂ ಬಾಯಿ ಬಿಡ್ಲಿಲ್ಲ. ಇನ್ನು ಮನೆ ಮುಖ ನೋಡೋ ಹಾಗೇ ಇಲ್ಲ ಅಂತ ಊಟಾನೇ ಬಿಟ್ಟಿದ್ದಾಳೆ. ನಿಮ್ಮಮ್ಮ ಏನ್ ಬರೆದಿದ್ದಾರೆ, ಓದಪ್ಪ."

ಧನುಶ್ರೀ ಒಳಗಿಂದ ಪುಸ್ತಕ ತಂದು ಕೊಟ್ಟಳು. ವಿಜಯ್ ಕುಮಾರ್ ಮೊದಲ ಪುಟ ತೆರೆದ.

"ನಾನು ವಾಸಿಯಾದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಹೆದರಬಾರದು..."

ಗೌರಮ್ಮ ಆಗಲೇ ಆಸ್ಪತ್ರೆಯಲ್ಲಿದ್ದ ತಂಗಿಗೆ ಫೋನ್ ಮಾಡಿದ್ದರು. ತಮಟೆಯವರಿಗೆ ಕೈ ಎತ್ತಿ ನಿಲ್ಲಿಸಲು ಹೇಳಿ, ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದರು.

"ಮೊದಲಿಂದ ಓದಪ್ಪ. ಗಟ್ಟಿಯಾಗಿ."